ಅಂಜಿಕೆ, ಕೊರಗು ಮತ್ತು ಲಸಿಕೆ: ಕುಂದಗೋಳ-ಹುಬ್ಬಳ್ಳಿ ಸೀಮೆಯ ಪ್ಲೇಗಿನ ಚರಿತ್ರೆಯ ಮರುಪರಿಶೀಲನೆ

ಲಸಿಕೆಯ ಚರಿತ್ರೆಯನ್ನು ನಿರೂಪಿಸುವಾಗ ಔಷಧಿಯ ಶೋಧ, ಸರ್ಕಾರದ ಕ್ರಮ ಹಾಗೂ ಜನರ ವಿರೋಧ ಎಂಬ ಮೂರು ಅಂಶಗಳನ್ನು ಚರ್ಚಿಸುವುದು ವಾಡಿಕೆಯಾಗಿದೆ. ಲಸಿಕೆ ಪಡೆದವನ ಮನಃಸ್ಥಿತಿ ಆ ಲಸಿಕೆಗೆ ಅವನ ದೇಹ ನೀಡುವ ಪ್ರತಿಕ್ರಿಯೆಯನ್ನು ಬದಲಿಸಬಲ್ಲದೇ ಎಂಬ ನಾಲ್ಕನೆಯ ಪ್ರಶ್ನೆ ಚರಿತ್ರೆಯ ಕಕ್ಷೆಗೆ ಬಂದಿರುವುದು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುಂದಗೋಳ-ಹುಬ್ಬಳ್ಳಿ ಸೀಮೆಯನ್ನು ತಲ್ಲಣಗೊಳಿಸಿದ ಪ್ಲೇಗಿನ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗಿಗೆ ವಾಲ್ಡೆಮರ್ ಹಾಫ್‌ಕಿನ್ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿದನು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮನೆಶೋಧನೆ, ರೋಗಿಗಳ ಪ್ರತ್ಯೇಕೀಕರಣ, ಪ್ರಯಾಣಿಕರ ತಪಾಸಣೆಗಳು ಜನರಲ್ಲಿ ರೋಗಕ್ಕಿಂತ ಹೆಚ್ಚಿನ ಭೀತಿ ಹುಟ್ಟಿಸಿದವು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ 1897ರ ಜೂನ್ 22ರಂದು ನಡೆದ ಗುಂಡಿನ ದಾಳಿ ಈ ಅಸಮಾಧಾನದ ತೀವ್ರ ರೂಪವಾಗಿತ್ತು.

1898ರಲ್ಲಿ ಹುಬ್ಬಳ್ಳಿ ಪ್ಲೇಗಿನ ಘೋರ ಹೊಡೆತಕ್ಕೆ ಸಿಕ್ಕಿತು. ಅಲ್ಲಿ ವೈದ್ಯಾಧಿಕಾರಿ ಲ್ಯೂಮನ್ನನ ನೇತೃತ್ವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ನನ ಲಸಿಕೆ ನೀಡಲಾಯಿತು. ಒಂದೇ ಊರಿನಲ್ಲಿ ಇಷ್ಟು ವ್ಯಾಪಕವಾಗಿ ಪ್ಲೇಗಿನ ಲಸಿಕೆ ಹಾಕಿದ ಆರಂಭದ ನಿದರ್ಶನಗಳಲ್ಲಿ ಇದು ಪ್ರಮುಖವಾದುದು. ಹುಬ್ಬಳ್ಳಿಯ ಸಮೀಪದ ಕುಂದಗೋಳವು ಆಗ ಬ್ರಿಟಿಷ್ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ. ಅದು ಪಟವರ್ಧನರ ಜಮಖಂಡಿ ಸಂಸ್ಥಾನದ ಭಾಗವಾಗಿದ್ದು, 1948ರ ವಿಲೀನದವರೆಗೂ ಹಾಗೆಯೇ ಉಳಿಯಿತು. ಹತ್ತಿಯ ವ್ಯಾಪಾರ ಮತ್ತು ರೈಲುಮಾರ್ಗಗಳಿಂದ ಹುಬ್ಬಳ್ಳಿಗೆ ಹೊಂದಿಕೊಂಡಿದ್ದ ಈ ಪ್ರದೇಶದ ಜನ ಪೇಟೆಗೆ ಹೋಗಿಬರುವಾಗ ಎರಡು ಆಡಳಿತಗಳ ಗಡಿಯನ್ನು ದಾಟಬೇಕಾಗಿತ್ತು. ರೋಗಕ್ಕೆ ಮಾತ್ರ ಗಡಿಯಿರಲಿಲ್ಲ.

ಅಂದಿನ ಲಸಿಕೆಯು ಕಾಯಿಸಿ ಕೊಂದ ರೋಗಾಣುಗಳಿಂದ ತಯಾರಾದುದು. ಚುಚ್ಚಿಸಿಕೊಂಡವರಿಗೆ ಜ್ವರ ಬಂದು, ತೋಳು ಬಾತು ನೋಯುತ್ತಿದ್ದುದು ಸಾಮಾನ್ಯ. ಹುಬ್ಬಳ್ಳಿಯ ಅಂಕಿಅಂಶಗಳು ಲಸಿಕೆ ಪಡೆದವರಲ್ಲಿ ಮತ್ತು ಪಡೆಯದವರಲ್ಲಿ ಸಂಭವಿಸಿದ ಸಾವುಗಳನ್ನು ಹೋಲಿಸುತ್ತವೆ. 1898-99ರಲ್ಲಿ ಸಾಕ್ಷ್ಯ ಸಂಗ್ರಹಿಸಿದ ಭಾರತೀಯ ಪ್ಲೇಗು ಆಯೋಗವು, ಲಸಿಕೆಯಿಂದ ರೋಗವೂ ಸಾವೂ ಗಣನೀಯವಾಗಿ ತಗ್ಗುತ್ತವೆ, ಆದರೆ ಸಂಪೂರ್ಣ ರಕ್ಷಣೆ ದೊರೆಯದು ಎಂಬ ನಿರ್ಣಯಕ್ಕೆ ಬಂದಿತು. ಲಸಿಕೆ ಪಡೆದೂ ರೋಗಕ್ಕೆ ಬಲಿಯಾದವರು ಯಾರು? ಮನೆಯಲ್ಲಿ ಸಾವು ಕಂಡವರೇ, ಊರು ಬಿಟ್ಟು ಗುಡಿಸಲಲ್ಲಿ ನಿದ್ದೆಗೆಟ್ಟವರೇ? ಇಂತಹ ಪ್ರಶ್ನೆಗಳನ್ನು ಕೇಳುವ ವಿಜ್ಞಾನ ಆಗ ಇರಲಿಲ್ಲ. ಆಡಳಿತದ ದೃಷ್ಟಿಯಲ್ಲಿ ಅಂಜಿಕೆಯೆಂದರೆ ಲಸಿಕೆಗೆ ಬಾರದಂತೆ ತಡೆಯುವ ಅಜ್ಞಾನವಷ್ಟೆ.

ಈ ಪ್ರಶ್ನೆಗೆ ಪ್ರಯೋಗದ ಆಧಾರ ದೊರೆತದ್ದು ಸುಮಾರು ಒಂದು ಶತಮಾನದ ನಂತರ. ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆಗುಳಿ ರೋಗಕ್ಕೆ ತುತ್ತಾದ ಸಂಗಾತಿಯ ಆರೈಕೆಯಲ್ಲಿ ಬಳಲುತ್ತಿದ್ದ 32 ಜನರಿಗೆ ಮತ್ತು ಅಂತಹ ಹೊರೆಯಿಲ್ಲದ 32 ಜನರಿಗೆ ಇನ್‌ಫ್ಲುಯೆಂಜಾ ಲಸಿಕೆ ನೀಡಲಾಗಿತ್ತು. ಪ್ರತಿಕಾಯಗಳು ನಾಲ್ಕು ಪಟ್ಟು ಏರಿದ್ದು ಮೊದಲ ಗುಂಪಿನಲ್ಲಿ 12 ಜನರಲ್ಲಿ, ಎರಡನೆಯ ಗುಂಪಿನಲ್ಲಿ 21 ಜನರಲ್ಲಿ. ಮೈಕೆಲ್ ಇರ್ವಿನ್ ಮತ್ತು ಸಂಗಡಿಗರ 2013ರ ಅಧ್ಯಯನವು, ಚಿಕಿತ್ಸೆ ಪಡೆಯದ ಖಿನ್ನತೆಯುಳ್ಳ ಹಿರಿಯರಲ್ಲಿ ಸರ್ಪಸುತ್ತಿನ ಲಸಿಕೆಗೆ ಪ್ರತಿಸ್ಪಂದನ ಕುಗ್ಗಿದ್ದನ್ನೂ, ಖಿನ್ನತೆಗೆ ಔಷಧಿ ಪಡೆಯುತ್ತಿದ್ದವರಲ್ಲಿ ಅದು ಉತ್ತಮವಾಗಿದ್ದುದನ್ನೂ ತೋರಿಸಿತು. ದೀರ್ಘಕಾಲದ ಒತ್ತಡದಲ್ಲಿ ಸ್ರವಿಸುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ರೋಗನಿರೋಧಕ ಕೋಶಗಳ ಕಾರ್ಯವನ್ನು ತಗ್ಗಿಸುವುದು ಇದಕ್ಕೆ ಒಂದು ಕಾರಣವೆನ್ನಲಾಗಿದೆ. ಹಾಗೆಂದು ಲಸಿಕೆ ನಿರರ್ಥಕವೆಂದು ಅರ್ಥವಲ್ಲ. ಮನೋವ್ಯಾಧಿ ಇರುವವರನ್ನು ಮೊದಲು ತಲುಪಬೇಕೆಂಬುದೇ ಇದರ ಇಂಗಿತ. ಬ್ರಿಟನ್ ತೀವ್ರ ಮನೋವ್ಯಾಧಿಯುಳ್ಳವರನ್ನು ಕೋವಿಡ್ ಲಸಿಕೆಯ ಆದ್ಯತಾ ಪಟ್ಟಿಗೆ ಸೇರಿಸಿತು. ಈ ವರ್ಗದವರಿಗೆ ಕೋವಿಡ್ಡಿನಿಂದ ಸಾವಿನ ಅಪಾಯ ಹೆಚ್ಚೆಂಬುದು ಆ ವೇಳೆಗೆ ಕಂಡುಬಂದಿತ್ತು.

ಜನಪದರು ಈ ಸಂಬಂಧವನ್ನು ಬೇರೆಯೇ ಭಾಷೆಯಲ್ಲಿ ಗುರುತಿಸಿದ್ದರು. ಕನ್ನಡದ ‘ಕೊರಗು’ ಎಂಬ ಮಾತಿಗೆ ದುಃಖಿಸು ಎಂದೂ, ದೇಹ ಸೊರಗು ಎಂದೂ ಎರಡರ್ಥ. ‘ಎದೆಗುಂದು’ ಎಂಬುದು ಮನದ ಸೋಲನ್ನು ದೇಹದ ಅಂಗದಲ್ಲಿ ಇರಿಸುತ್ತದೆ. ಬೇನೆ ಬಂದಾಗ ದ್ಯಾಮವ್ವ, ದುರ್ಗವ್ವರಿಗೆ ವಾರ ಹಿಡಿಯುವುದು, ಊರು ಬಿಟ್ಟು ಹೊರಬೀಡು ಮಾಡುವುದು, ಮಾರಿಯನ್ನು ಸೀಮೆ ದಾಟಿಸುವುದು ಮೊದಲಾದ ಆಚರಣೆಗಳು ರೋಗವನ್ನು ದೂರವಿಡುವ ಪ್ರಯತ್ನವಾಗಿರುವಂತೆ ಇಡೀ ಊರಿನ ಅಂಜಿಕೆಯನ್ನು ಒಟ್ಟಾಗಿ ಹೊರುವ ವಿಧಾನವೂ ಆಗಿವೆ. ಇವುಗಳಲ್ಲಿ ಲಸಿಕೆಯ ವಿಜ್ಞಾನ ಅಡಗಿತ್ತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ದ್ಯಾಮವ್ವನ ವಾರದಿಂದ ಪ್ಲೇಗು ನಿಲ್ಲಲಿಲ್ಲ. ಆದರೆ ಅಂಜಿದವನನ್ನು ಒಂಟಿಯಾಗಿ ಬಿಡಬಾರದೆಂಬ ತಿಳಿವಳಿಕೆ ಅವುಗಳಲ್ಲಿತ್ತು. ಪ್ಲೇಗಿನ ಆಡಳಿತವಾದರೋ ಅವನನ್ನು ಮನೆಯವರಿಂದ ಬೇರ್ಪಡಿಸಿತು.

ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮನೋರೋಗಿಗಳ ಆಸ್ಪತ್ರೆ ಸ್ಥಾಪನೆಯಾಗಿತ್ತು. ಅದೇ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಹೀಗೆ ಮನಸ್ಸಿನ ಚಿಕಿತ್ಸಾಲಯವೂ ಲಸಿಕೆಯ ಮಹಾಪ್ರಯೋಗವೂ ಒಂದೇ ಜಿಲ್ಲೆಯಲ್ಲಿ ಇದ್ದವು. ಆದರೆ ಹುಬ್ಬಳ್ಳಿಯ ಲೆಕ್ಕದಲ್ಲಿ ಚುಚ್ಚಿಸಿಕೊಂಡ ತೋಳುಗಳಿಗೆ ಸ್ಥಾನ ದೊರೆಯಿತೇ ಹೊರತು ಆ ತೋಳಿನವರ ಕೊರಗಿಗೆ ದೊರೆಯಲಿಲ್ಲ. ಅಂದು ಲಸಿಕೆ ಫಲಿಸದೆ ಹೋದ ಪ್ರಸಂಗಗಳಿಗೆ ಮನೋವ್ಯಥೆಯೇ ಕಾರಣವೆಂದು ಈಗ ಸಾಧಿಸಲು ಬರುವುದಿಲ್ಲ. ಸಾಧಿಸಲು ಬೇಕಾದ ದಾಖಲೆಯನ್ನು ಯಾರೂ ಇಡಲಿಲ್ಲ ಎಂಬುದೇ ಈ ಚರಿತ್ರೆಯ ಮುಖ್ಯ ಸಂಗತಿ. ಕುಂದಗೋಳದಂತಹ ಗ್ರಾಮೀಣ ತಾಲೂಕುಗಳಲ್ಲಿ ಮುಂದೆ ನಡೆಯುವ ಲಸಿಕಾ ಕಾರ್ಯವು ತೋಳಿನ ಜೊತೆಗೆ ಮನಸ್ಸನ್ನೂ ವಿಚಾರಿಸಿ ಬರೆದಿಟ್ಟುಕೊಂಡಲ್ಲಿ, 1898ರಲ್ಲಿ ಬಿಟ್ಟುಹೋದ ಕಲಮು ತುಂಬಿದಂತಾಗುತ್ತದೆ.