ಗಡಿಯಲ್ಲಿ ತಡೆದ ಹೂಗಿಡಗಳು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆ ಮುಗಿಸಿ ಮರಳುವಾಗ, ಅಂಗಳದ ದುಂಡುಮಲ್ಲಿಗೆಯ ಸಸಿಯನ್ನು ಮಣ್ಣುಸಮೇತ ಒಯ್ಯಬಾರದೇಕೆ ಎಂದು ಕೇಳುವುದುಂಟು. ಆ ನಿರ್ಬಂಧಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ; ಅದರಲ್ಲಿ ಒಂದೇ ಊರಿನ ಇಬ್ಬರು ಗೆಳೆಯರ ವಿರಸವೂ ಸೇರಿಕೊಂಡಿದೆ.

ಡೇವಿಡ್ ಫೇರ್‌ಚೈಲ್ಡ್ ಮತ್ತು ಚಾರ್ಲ್ಸ್ ಮಾರ್ಲಟ್ ಇಬ್ಬರೂ ಬೆಳೆದದ್ದು ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹಟನ್ನಿನಲ್ಲಿ (ನ್ಯೂಯಾರ್ಕಿನದಲ್ಲ, ಇದು ಬೇರೆ). ಇಬ್ಬರೂ ಕೃಷಿ ಇಲಾಖೆಯನ್ನೇ ಸೇರಿದರು. ಫೇರ್‌ಚೈಲ್ಡರದು ದೇಶದೇಶಗಳನ್ನು ಸುತ್ತಿ ಹೊಸ ಸಸ್ಯಗಳನ್ನು ತರುವ ಕೆಲಸ. ಕೀಟತಜ್ಞ ಮಾರ್ಲಟ್ಟರದು ಆ ಸಸ್ಯಗಳೊಡನೆ ಬರುವ ಕೀಟಗಳನ್ನು ತಡೆಯುವ ಕೆಲಸ. ಘರ್ಷಣೆ ಅನಿವಾರ್ಯವಾಗಿತ್ತು.

ಟೋಕಿಯೋ ನಗರ ಸ್ನೇಹದ ಕುರುಹಾಗಿ ಕಳುಹಿಸಿದ ಸುಮಾರು 2,000 ಚೆರ್ರಿ ಸಸಿಗಳು 1910ರ ಜನವರಿಯಲ್ಲಿ ವಾಷಿಂಗ್ಟನ್ ತಲುಪಿದವು. ಈ ಚೆರ್ರಿಗಳ ಮೇಲೆ ಫೇರ್‌ಚೈಲ್ಡರಿಗೆ ಅಪಾರ ಮೋಹ. ಪರೀಕ್ಷಿಸಿ ನೋಡಿದರೆ ಕೀಟಗಳು, ಬೇರುಗಳಲ್ಲಿ ಜಂತುಹುಳುಗಳು! ಅಧ್ಯಕ್ಷ ಟ್ಯಾಫ್ಟರ ಒಪ್ಪಿಗೆ ಪಡೆದು ಜನವರಿ 28ರಂದು ಅಷ್ಟನ್ನೂ ಸುಟ್ಟರು. ಜಪಾನೀಯರು ಮುನಿಯಲಿಲ್ಲ. ಹೊಸದಾಗಿ ಕಸಿಮಾಡಿ, ಹೊಗೆಯಿಟ್ಟು ಶುದ್ಧಗೊಳಿಸಿದ 3,020 ಸಸಿಗಳನ್ನು 1912ರಲ್ಲಿ ಕಳುಹಿಸಿದರು. ಕೊಟ್ಟ ಉಡುಗೊರೆ ಬೂದಿಯಾದ ಮೇಲೂ ಮತ್ತೆ ಕೊಡುವ ಆ ಸೌಜನ್ಯ ದೊಡ್ಡದು.

ಅದೇ 1912ರಲ್ಲಿ ಅಮೆರಿಕದ ಮೊದಲ ಸಸ್ಯ ಕ್ವಾರಂಟೈನ್ ಕಾಯಿದೆ ಬಂದಿತು. (ನಮ್ಮಲ್ಲಿ ಬ್ರಿಟಿಷ್ ಸರ್ಕಾರ ಇಂಥದೇ ಕಾಯಿದೆಯನ್ನು 1914ರಲ್ಲಿ ಮಾಡಿತು.) ತೋಟಗಾರರಿಗೆ ನಿಜವಾದ ಪೆಟ್ಟು ಬಿದ್ದದ್ದು 1919ರ ಜೂನ್ 1ರಂದು ಜಾರಿಯಾದ 37ನೆಯ ಕ್ವಾರಂಟೈನ್ ಆದೇಶದಿಂದ. ಅದುವರೆಗೆ ‘ದೋಷ ಕಂಡರೆ ತಡೆ’ ಎಂದಿದ್ದದ್ದು ‘ಅನುಮತಿಯಿದ್ದರೆ ಮಾತ್ರ ಪ್ರವೇಶ’ ಎಂದಾಯಿತು. ಬೀಜಗಳಿಗೂ ಟ್ಯೂಲಿಪ್, ಲಿಲ್ಲಿಗಳಂಥ ಕೆಲವು ಗೆಡ್ಡೆಗಳಿಗೂ ದಾರಿ ತೆರೆದಿತ್ತು; ಬೆಲ್ಜಿಯಮ್ಮಿನ ಅಝೇಲಿಯಾ, ಉಷ್ಣವಲಯದ ಆರ್ಕಿಡ್‌ಗಳಿಗೆ ಬಹುಮಟ್ಟಿಗೆ ಮುಚ್ಚಿತು. ಡ್ಯಾಫೊಡಿಲ್ ಗೆಡ್ಡೆಗಳಿಗೆ 1926ರಲ್ಲಿ ತಡೆ ಬಿತ್ತು. ಅರ್ನಾಲ್ಡ್ ಸಸ್ಯೋದ್ಯಾನದ ಸಾರ್ಜೆಂಟರಂಥ ವಿದ್ವಾಂಸರು ಸಿಡಿದೆದ್ದರು. ಕೀಟದ ನೆಪದಲ್ಲಿ ಸ್ವದೇಶಿ ವ್ಯಾಪಾರಿಗಳ ರಕ್ಷಣೆ ನಡೆದಿದೆ ಎಂಬ ಆರೋಪವೂ ಕೇಳಿಬಂದಿತು.

ನನ್ನ ಒಲವು ಮಾರ್ಲಟ್ಟರ ಕಡೆಗೇ. ಏಷ್ಯಾದ ಸಸಿಗಳೊಡನೆ ಬಂದ ಒಂದು ಶಿಲೀಂಧ್ರವನ್ನು 1904ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಚೆಸ್ಟ್‌ನಟ್ ಮರಗಳಲ್ಲಿ ಮೊದಲು ಗುರುತಿಸಿದರು. ಅರ್ಧ ಶತಮಾನದೊಳಗೆ ಅದು ಪೂರ್ವ ಅಮೆರಿಕದ ಕಾಡುಗಳಲ್ಲಿ ಕೋಟ್ಯಂತರ ಮರಗಳನ್ನು ಒಣಗಿಸಿತು. ಕಣ್ಣಿಗೆ ಕಾಣದ ಶಿಲೀಂಧ್ರವನ್ನು ಬಂದರಿನ ತಪಾಸಣಾಧಿಕಾರಿ ಹೇಗೆ ಹಿಡಿದಾನು? ಆದರೂ ತಲೆಮಾರುಗಳಿಂದ ಗಿಡ ತರಿಸಿ ಬದುಕಿದ್ದವರ ಸಂಕಟವನ್ನು ಹಗುರವಾಗಿ ಕಾಣಲಾಗದು.

ಅವರು ಕೈಕಟ್ಟಿ ಕೂರಲಿಲ್ಲ. ಹಾಲೆಂಡಿನ ಕೆಲವು ಬೆಳೆಗಾರರು ಗೆಡ್ಡೆ ಕಳುಹಿಸುವುದರ ಬದಲು ಅಮೆರಿಕಕ್ಕೇ ಬಂದು ಬೇಸಾಯಕ್ಕಿಳಿದರು. ಆರ್ಕಿಡ್ ಪ್ರಿಯರು 1921ರಲ್ಲಿ ತಮ್ಮದೇ ಸಂಘ ಕಟ್ಟಿದರು. ಆದರೆ ಆರ್ಕಿಡ್ಡನ್ನು ಬೀಜದಿಂದ ಬೆಳೆಸುವುದು ಸುಲಭವಲ್ಲ. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಇದೇ ಕುಲದ್ದು. ಇವುಗಳ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರ ಸಂಗ್ರಹವಿಲ್ಲ. ಕಾಡಿನಲ್ಲಿ ಶಿಲೀಂಧ್ರವೊಂದು ಉಣಿಸಿದರಷ್ಟೇ ಮೊಳಕೆ. ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ, ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಅಗರ್ ಮೇಲೆ, ಶಿಲೀಂಧ್ರದ ನೆರವಿಲ್ಲದೆಯೇ ಆ ಬೀಜಗಳು ಮೊಳೆಯುತ್ತವೆಂದು ತೋರಿಸಿಕೊಟ್ಟರು. ಕಾಡಿನಿಂದ ಕಿತ್ತು ಹಡಗಿನಲ್ಲಿ ತರಿಸುತ್ತಿದ್ದ ಗಿಡವನ್ನು ಗಾಜಿನ ಸೀಸೆಯೊಳಗೆ, ಮಣ್ಣಿಲ್ಲದೆ, ಹುಳುವಿಲ್ಲದೆ, ನೂರಾರು ಸಂಖ್ಯೆಯಲ್ಲಿ ಬೆಳೆಸುವ ವಿದ್ಯೆ ತೋಟಗಾರರ ಕೈಗೆ ಬಂದಿತು.