ಮದಗ–ಮಾಸೂರು ಕೆರೆಯೂ ಗ್ರಾಮಾಧಿಕಾರವೂ

ಧಾರವಾಡ ಸೀಮೆಯ ತೆಂಕಣ ಭಾಗವು ಕೆರೆಗಳ ನಾಡೆಂಬುದು ವಾಚಕರಿಗೆ ಸುವಿದಿತವೇ ಆಗಿರುವುದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪ್ರಾಂತಗಳಲ್ಲಿ ಕೆರೆಯಿಲ್ಲದ ಊರು ವಿರಳ. ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿದಾದ ಕೆರೆಯೊಂದು ನೆಲೆಗೊಂಡಿರುವುದು. ಇವುಗಳಲ್ಲಿ ಪ್ರಖ್ಯಾತವಾದುದು, ಸರ್ವಜ್ಞನ ಹೆಸರಿನೊಡನೆ ಜನವು ಸ್ಮರಿಸುವ ಮಾಸೂರಿನ ಬಳಿಯ ಮದಗದ ಕೆರೆ. ಮದಗದ ಕೆರೆಗೆ ಬಂದ ಮಳೆಯನ್ನು ಕುರಿತು ಹೆಂಗಳೆಯರು ಹಾಡುವ ಪದವು ಈ ಕೆರೆಯದೇ ಎಂದು ಇಲ್ಲಿಯವರ ಅಭಿಮಾನ. ಕಡೂರು ಸೀಮೆಯ ಮದಗದ ಕೆರೆಯವರೂ ಹಾಗೆಯೇ ಹೇಳಿಕೊಳ್ಳುವರಾದುದರಿಂದ ಆ ವ್ಯಾಜ್ಯವನ್ನು ಜಾನಪದ ಪಂಡಿತರಿಗೆ ಬಿಡುವುದೇ ಲೇಸು.

ಕುಮುದ್ವತೀ ನದಿಯು ಶಿವಮೊಗ್ಗೆ ಜಿಲ್ಲೆಯ ಹೊಸನಗರ ತಾಲೂಕಿನ ಬಿಲ್ಲೇಶ್ವರದ ಬಳಿ ಹುಟ್ಟಿ, ಶಿಕಾರಿಪುರದ ನೆಲವನ್ನು ತಣಿಸಿ, ಮಾಸೂರಿನ ಸಮೀಪ ಗುಡ್ಡಗಳ ನಡುವಣ ಕಣಿವೆಯಲ್ಲಿ ಹರಿದುಬಂದು ಕಡೆಗೆ ತುಂಗಭದ್ರೆಯನ್ನು ಸೇರುವುದು. ಆ ಕಣಿವೆಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಮಣ್ಣಿನ ಭಾರಿ ಏರಿಯನ್ನು ಕಟ್ಟಿದರು. ಕಾಲಾಂತರದಲ್ಲಿ ಕಟ್ಟೆಯು ಒಡೆದು ಕೆರೆಯ ಹಿಂದಿನ ವಿಸ್ತಾರವು ಕುಗ್ಗಿತು. ಆಂಗ್ಲರ ಆಡಳಿತದಲ್ಲಿ ಭಾಗಶಃ ದುರಸ್ತಿಯಾಯಿತು. ಅರಸರು ಕಟ್ಟಿಸಿದರೆಂದು ನಾವು ಹೇಳುವುದುಂಟು. ಆದರೆ ಕಟ್ಟಿದ ಮರುದಿನದಿಂದ ಅದನ್ನು ಕಾಯುವವರಾರು? ಇತಿಹಾಸಕಾರರು ಈ ಪ್ರಶ್ನೆಯನ್ನು ಸಾಕಷ್ಟು ಕೇಳಿಲ್ಲ.

ಶಾಸನಗಳನ್ನೋದಿದವರಿಗೆ ಉತ್ತರವು ದೊರೆಯುವುದು. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಿಂದ ಕೆರೆಯ ಕಟ್ಟುವಿಕೆಗೂ ರಕ್ಷಣೆಗೂ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಮೀಸಲಿಡುತ್ತಿದ್ದರು. ಹೂಳೆತ್ತುವ ಬಂಡಿಗಳಿಗೂ ಏರಿಯ ಮಣ್ಣಿಗೂ ಆ ಆದಾಯವೇ ಆಧಾರ. ತೂಬನ್ನೆತ್ತಿ ಇಳಿಸುವ ನೀರಗಂಟಿಯು ಊರಿನ ಸೇವಕನೇ ಹೊರತು ಅರಸನ ಅಧಿಕಾರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದುದು ಭಕ್ತರಿಗೆಲ್ಲ ತಿಳಿದ ಸಂಗತಿ. ಅಲ್ಲಿಯೂ ಕೆಲಸವು ನಡೆದುದು ಕೂಡಿ ದುಡಿದ ಕೈಗಳಿಂದ. ಹಣವೂ ಹೊಣೆಯೂ ಒಂದೇ ಕೈಯಲ್ಲಿದ್ದುದೇ ಆ ಪದ್ಧತಿಯ ಬಲ. ಅದರಲ್ಲಿ ಕುಂದಿರಲಿಲ್ಲವೆಂದಲ್ಲ; ತೂಬಿನ ಬಳಿಯ ಗದ್ದೆಯವನ ಮಾತು ನಡೆದಷ್ಟು ಕಾಲುವೆಯ ತುದಿಯವನ ಮಾತು ನಡೆಯುತ್ತಿರಲಿಲ್ಲ, ಕುಲದ ತಾರತಮ್ಯವೂ ನೀರಿನೊಡನೆಯೇ ಹರಿಯುತ್ತಿದ್ದಿತು.

ಆಂಗ್ಲರ ಕಾಲದಲ್ಲಿ ಈ ಹಣಕ್ಕೂ ಹೊಣೆಗೂ ಅಗಲಿಕೆಯಾಯಿತು. ಮಾಸೂರು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯ ಕೋಡ ತಾಲೂಕಿಗೆ ಸೇರಿದ್ದಿತು. ನದಿಯ ಮೇಲ್ಭಾಗವೆಲ್ಲ ಮೈಸೂರು ಸಂಸ್ಥಾನದ್ದು. 1879ರ ಮುಂಬಯಿ ನೀರಾವರಿ ಕಾಯಿದೆಯು ಕಾಲುವೆಗಳ ಮೇಲೆ ಸರಕಾರದ ಅಧಿಕಾರವನ್ನು ಸ್ಥಾಪಿಸಿತು. ಮೈಸೂರಿನವರು 1911ರಲ್ಲಿ ಕೆರೆ ಪಂಚಾಯತಿಗಳ ಕಾಯಿದೆಯನ್ನು ತಂದು, ಊರವರ ಹೊಣೆಯನ್ನು ಊರವರಿಗೇ ವಹಿಸಲು ಯತ್ನಿಸಿದರು. ಹೀಗೆ ಒಂದೇ ಹೊಳೆಯ ಮೇಲೂ ಕೆಳಗೂ ಎರಡು ನ್ಯಾಯಗಳು. 1936ರಲ್ಲಿ ಶಿಕಾರಿಪುರದ ಬಳಿ ಇದೇ ಕುಮುದ್ವತಿಗೆ ಅಂಜನಾಪುರದ ಜಲಾಶಯವು ಕಟ್ಟಲ್ಪಟ್ಟಿತು. ಅದರಿಂದ ಮೇಲಣ ರೈತರಿಗೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಳಗಣ ಕೆರೆಯು ಅಂದು ಬೇರೆ ಸರಕಾರದ ಪ್ರಜೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಿಂದ ಮೇಲೂ ಕೆಳಗೂ ಒಂದೇ ರಾಜ್ಯವಾದವು. ಕೃಷ್ಣಾ ಜಲವಿವಾದದ ನ್ಯಾಯಾಧಿಕರಣವು 1976ರಲ್ಲಿ ತನ್ನ ಅಂತಿಮ ತೀರ್ಪನ್ನು ಕೊಟ್ಟಿತು. ಕರ್ನಾಟಕಕ್ಕೆ ದೊರೆತ 700 ಟಿ.ಎಂ.ಸಿ. ಪಾಲಿನಲ್ಲಿ ಸಣ್ಣ ನೀರಾವರಿಯೂ ಅಡಕವಾಗಿರುವುದು. ಊರ ಕೆರೆಯ ನೀರು ಕೂಡ ರಾಜ್ಯಗಳ ಲೆಕ್ಕದ ಪುಸ್ತಕವನ್ನು ಸೇರಿತು; ಅಲ್ಲಿ ವಾದಿಸಿದವು ಸರಕಾರಗಳು, ಊರುಗಳಲ್ಲ.

ಊರಿಗೆ ಮಾತನ್ನು ಹಿಂದಿರುಗಿಸಿದ ಕಾಯಿದೆಗಳು ಆ ಬಳಿಕ ಬಂದವು. ಸಂವಿಧಾನದ 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿಯಲ್ಲಿ ಸಣ್ಣ ನೀರಾವರಿ, ಜಲನಿರ್ವಹಣೆ, ಜಲಾನಯನ ಅಭಿವೃದ್ಧಿ ಎಂಬ ವಿಷಯಗಳು ಪಂಚಾಯತಿಗಳ ಪಾಲಿಗೆ ಸೂಚಿತವಾಗಿರುವುವು. ಅದನ್ನನುಸರಿಸಿ 1993ರಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯಾಯಿತು. ಆದರೆ 40 ಹೆಕ್ಟೇರಿನೊಳಗೆ ನೀರುಣಿಸುವ ಕೆರೆಗಳು ಮಾತ್ರ ಪಂಚಾಯತಿಗಳ ಕಡೆಗೆ. ಅದಕ್ಕೆ ಮೀರಿದವು ಸಣ್ಣ ನೀರಾವರಿ ಇಲಾಖೆಯವು. ನೀರು ಈ ಅಂಕಿಯನ್ನರಿಯದು. ಮೇಲಣ ಹಿರಿಯ ಕೆರೆಯ ಕೋಡಿಯೇ ಕೆಳಗಣ ಕಿರಿಯ ಕೆರೆಯ ಒಳಹರಿವು. ಒಂದನ್ನು ಇಲಾಖೆಗೂ ಒಂದನ್ನು ಪಂಚಾಯತಿಗೂ ಕೊಟ್ಟು ಸಾಲನ್ನು ಕತ್ತರಿಸಿದುದು ವಿವೇಕವೆನಿಸದು. 2002ರಿಂದ ವಿಶ್ವಬ್ಯಾಂಕಿನ ನೆರವಿನಿಂದ ಹಾವೇರಿಯೇ ಮೊದಲಾದ ಜಿಲ್ಲೆಗಳಲ್ಲಿ ಕೆರೆಗಳ ಜೀರ್ಣೋದ್ಧಾರವು ನಡೆದು, ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಹೂಳೆತ್ತಿದುದು ಸ್ತುತ್ಯವೇ; ಪಂಚಾಯತಿಯ ಪಕ್ಕದಲ್ಲಿ ಇನ್ನೊಂದು ಸಭೆಯನ್ನು ಕೂಡಿಸಿದುದು ಮಾತ್ರ ಊರಿನ ಒಂದೇ ದನಿಯನ್ನು ಎರಡಾಗಿಸಿತು.

ಎಲ್ಲಕ್ಕಿಂತ ಹೆಚ್ಚಿನ ಸಾಧನವು ಬಳಕೆಗೆ ಬಾರದೆ ಉಳಿದಂತಿರುವುದು. ಅದೇ ಜಿಲ್ಲಾ ಯೋಜನಾ ಸಮಿತಿ. ಸಂವಿಧಾನದ 243 ಝಡ್‌ಡಿ ವಿಧಿಯಂತೆ ಪಂಚಾಯತಿ, ಪುರಸಭೆಗಳ ಯೋಜನೆಗಳನ್ನು ಒಗ್ಗೂಡಿಸುವಾಗ ನೀರಿನ ಹಂಚಿಕೆಯನ್ನು ಈ ಸಮಿತಿಯು ಗಮನಿಸಲೇಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತರಿಂದ ಆರಿಸಲ್ಪಟ್ಟವರು. ಗ್ರಾಮಸಭೆಯಲ್ಲಿ ಒಕ್ಕಲಿಗನೊಬ್ಬನು ಹೇಳಿದ ಮಾತು ನಿರ್ಣಯವಾಗಿ, ನಿರ್ಣಯವು ಯೋಜನೆಯಾಗಿ ಮೇಲೇರಲು ಇದೇ ಮೆಟ್ಟಿಲು. ಆದರೆ 1997ರಲ್ಲಿ ಹಾವೇರಿ ಜಿಲ್ಲೆಯು ಬೇರಾದಾಗಲೂ ಕುಮುದ್ವತಿಯ ಮೇಲ್ಭಾಗವು ಶಿವಮೊಗ್ಗೆಯಲ್ಲಿಯೇ ಉಳಿಯಿತು. ಮಾಸೂರಿನ ನಿರ್ಣಯವು ಹಾವೇರಿಯ ಸಮಿತಿಗೆ ಮುಟ್ಟಬಲ್ಲುದು. ಅಂಜನಾಪುರದ ತೂಬೆತ್ತುವವರಿಗೆ ಮುಟ್ಟಬೇಕಾದರೆ ಅದು ಇಂದಿಗೂ ಬೆಂಗಳೂರನ್ನು ಬಳಸಿಯೇ ಹೋಗಬೇಕು.