ಜಲಧಾರೆಯ ಒತ್ತಡವೂ ಶಕ್ತಿಯೂ: ಒಂದು ಚಾರಿತ್ರಿಕ ವಿವೇಚನೆ

ವಾಹನಗಳನ್ನು ‘ವಾಟರ್ ಸರ್ವಿಸ್’ಗೆ ಬಿಡುವ ಪದ್ಧತಿ ನಮ್ಮ ಊರುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ ಬಳಕೆಯಲ್ಲಿರುವ ಪ್ರೆಷರ್ ವಾಷರ್ ಎಂಬ ಯಂತ್ರವು ಈಗ ಮನೆಗಳಿಗೂ ಪ್ರವೇಶಿಸಿದೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಅದರ ಒತ್ತಡ ಎಷ್ಟು ಬಾರ್ ಎಂಬುದನ್ನು ಮಾತ್ರ. ಒತ್ತಡವೇ ಶಕ್ತಿಯೆಂಬ ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಚರಿತ್ರೆಯ ಆಧಾರದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಪಾತ್ರೆಯ ರಂಧ್ರದಿಂದ ಹೊರಡುವ ನೀರಿನ ವೇಗವು ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಂದು ಇಟಲಿಯ ಟಾರಿಚೆಲ್ಲಿಯು 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದುದರಿಂದ ಒತ್ತಡವು ನಾಲ್ಕು ಪಟ್ಟಾದರೆ ಧಾರೆಯ ವೇಗವು ಎರಡು ಪಟ್ಟು ಮಾತ್ರ ಆಗುತ್ತದೆ. ಶಕ್ತಿಯಾದರೋ ಒತ್ತಡ ಮತ್ತು ಹರಿವುಗಳ ಗುಣಲಬ್ಧ. 100 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 6 ಲೀಟರ್ ನೀರು ಹೊರಟರೆ ಧಾರೆಯ ಶಕ್ತಿ 1 ಕಿಲೋವಾಟ್. ಅದೇ ಒತ್ತಡದಲ್ಲಿ 12 ಲೀಟರ್ ಹೊರಟರೆ 2 ಕಿಲೋವಾಟ್.

ಹರಿವಿನ ಮಹತ್ತ್ವವನ್ನು ಅಮೆರಿಕದ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳು ತೋರಿಸಿಕೊಟ್ಟವು. 1853ರಲ್ಲಿ ನೆವಾಡ ಸಿಟಿಯ ಬಳಿ ಎಡ್ವರ್ಡ್ ಮ್ಯಾಟಿಸನ್ ಎಂಬಾತನು ನಳಿಕೆಯ ಮೂಲಕ ನೀರನ್ನು ಚಿಮ್ಮಿಸಿ ಜಲ್ಲಿಮಣ್ಣಿನ ದಿಬ್ಬಗಳನ್ನು ಕರಗಿಸುವ ಕ್ರಮವನ್ನು ಆರಂಭಿಸಿದನು. ತರುವಾಯ ಎತ್ತರದ ಕಾಲುವೆಗಳಿಂದ ಕೊಳವೆಗಳಲ್ಲಿ ನೀರನ್ನು ಇಳಿಸಿ ‘ಮಾನಿಟರ್’ ಎಂಬ ಭಾರಿ ನಳಿಕೆಗಳಿಂದ ಹೊಡೆಯಲಾಯಿತು. 100 ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 10 ಬಾರ್ ಮಾತ್ರ. ಇಂದು ಮನೆಗಳಲ್ಲಿ ಬಳಸುವ ಯಂತ್ರದ ಒತ್ತಡಕ್ಕೆ ಹೋಲಿಸಿದರೆ ಇದು ಹತ್ತರಲ್ಲೊಂದು ಪಾಲು. ಆದರೆ ಆ ಒತ್ತಡದಲ್ಲಿ 6 ಅಂಗುಲ ವ್ಯಾಸದ ನಳಿಕೆಯಿಂದ, ಘರ್ಷಣೆಯ ನಷ್ಟವನ್ನು ಗಣಿಸದಿದ್ದರೆ, ಸೆಕೆಂಡಿಗೆ ಸುಮಾರು 800 ಲೀಟರ್ ನೀರು ಹೊರಡುತ್ತದೆ. ಅದರ ಶಕ್ತಿ ಸುಮಾರು 800 ಕಿಲೋವಾಟ್. ಬೆಟ್ಟಗಳು ಕರಗಿದುದರಲ್ಲಿ ಆಶ್ಚರ್ಯವಿಲ್ಲ. ಕರಗಿದ ಮಣ್ಣು ನದಿಗಳ ಪಾತ್ರವನ್ನು ತುಂಬಿ, ಕೆಳಗಿನ ಸ್ಯಾಕ್ರಮೆಂಟೊ ಕಣಿವೆಯ ಹೊಲಗಳನ್ನೂ ಊರುಗಳನ್ನೂ ಪ್ರವಾಹಕ್ಕೆ ಗುರಿಮಾಡಿತು. ಕೊನೆಗೆ 1884ರ ಜನವರಿ 7ರಂದು ನ್ಯಾಯಾಧೀಶ ಲೊರೆಂಜೊ ಸಾಯರ್, ಗಣಿಯ ಮಣ್ಣನ್ನು ನದಿಗಳಿಗೆ ಬಿಡುವುದನ್ನು ನಿಷೇಧಿಸಿ ತೀರ್ಪಿತ್ತನು.

ಶುಚಿಗೊಳಿಸುವ ಯಂತ್ರದ ಮಾರ್ಗ ಇದಕ್ಕೆ ವಿರುದ್ಧವಾದುದು: ಅಲ್ಪ ನೀರು, ಅಧಿಕ ಒತ್ತಡ. ಜರ್ಮನಿಯ ಆಲ್‌ಫ್ರೆಡ್ ಕಾರ್ಚರ್ 1950ರಲ್ಲಿ ರೂಪಿಸಿದ ಯಂತ್ರವು ಇದಕ್ಕೆ ಬಿಸಿಯನ್ನೂ ಕೂಡಿಸಿತು. ಜಿಡ್ಡನ್ನು ಸಡಿಲಿಸುವುದರಲ್ಲಿ ಒತ್ತಡಕ್ಕಿಂತ ಬಿಸಿನೀರೇ ಹೆಚ್ಚು ಪ್ರಯೋಜನಕಾರಿ ಎಂಬುದು ಪಾತ್ರೆ ತೊಳೆದವರಿಗೆಲ್ಲ ವಿದಿತವೇ ಆಗಿದೆ.

ಇವುಗಳಿಂದ ಬಳಕೆಯ ಕ್ರಮವೂ ವ್ಯಕ್ತವಾಗುತ್ತದೆ. ಒತ್ತಡವು ಕೊಳೆಯನ್ನು ಮೇಲ್ಮೈಯಿಂದ ಬಿಡಿಸುತ್ತದೆ. ಹರಿವು ಅದನ್ನು ಸಾಗಿಸುತ್ತದೆ. ಅಂಟಿದ ಪಾಚಿಗೆ ಮೊದಲನೆಯದು ಮುಖ್ಯ, ಅಂಗಳದ ಕೆಸರಿಗೆ ಎರಡನೆಯದು. ಧಾರೆಯು ಹರಡಿದಷ್ಟೂ ಅದರ ಪೆಟ್ಟು ಕುಗ್ಗುವುದರಿಂದ, ಅಗಲವಾಗಿ ಹರಡುವ ನಳಿಕೆಯನ್ನು ದೂರದಲ್ಲಿ ಹಿಡಿದು ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಅಗತ್ಯವಿದ್ದಷ್ಟೇ ಸಮೀಪಿಸುವುದು ಯುಕ್ತ. ಮರ, ಮೃದುವಾದ ಕಲ್ಲು, ಹಳೆಯ ಗಾರೆ ಇವು ಸಣ್ಣ ಧಾರೆಯ ಪೆಟ್ಟನ್ನು ತಾಳಲಾರವು. 100 ಬಾರ್ ಒತ್ತಡದ ಧಾರೆಯು ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ ಹೊರಟು ಚರ್ಮವನ್ನು ಭೇದಿಸಬಲ್ಲದು. ಮನುಷ್ಯರ ಮತ್ತು ಪ್ರಾಣಿಗಳ ಕಡೆಗೆ ಅದನ್ನು ಎಂದಿಗೂ ತಿರುಗಿಸಕೂಡದು. ಅಂತಹ ಗಾಯವು ನೋಡಲು ಚಿಕ್ಕದಾದರೂ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಅಲ್ಲದೆ, ತೊಳೆದ ಕೊಳೆ ಎಲ್ಲಿಗೆ ಸೇರುವುದೆಂಬ ಪ್ರಶ್ನೆಯನ್ನು ಕೆಲಸಕ್ಕೆ ಮೊದಲೇ ಕೇಳಿಕೊಳ್ಳಬೇಕೆಂದು ನಾವು ಭಾವಿಸುತ್ತೇವೆ. ಎಣ್ಣೆ, ಸಾಬೂನು, ಬಣ್ಣದ ಚೂರುಗಳನ್ನು ಹೊತ್ತ ನೀರು ಮಳೆನೀರಿನ ಚರಂಡಿಯಿಂದ ಕೆರೆಗೆ ಸೇರಿದರೆ, ಒಂದು ಸ್ಥಳವನ್ನು ಶುಚಿಗೊಳಿಸಿ ಮತ್ತೊಂದನ್ನು ಕೆಡಿಸಿದಂತಾಗುತ್ತದೆ. ಕ್ಯಾಲಿಫೋರ್ನಿಯದ ರೈತರು ನ್ಯಾಯಾಲಯದ ಮುಂದಿಟ್ಟುದು ಈ ದೂರನ್ನೇ.